ಫಾಂಟ್ ಕಳಚಿದ ಮೇಲೂ ಉಳಿಯುವುದೇ ಕನ್ನಡ

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರು ಹೊಸಬರಿಗೆ ಹೇಳಿಕೊಡುವ ಎಚ್ಚರಿಕೆಯೊಂದಿದೆ: ‘ಬರೀ ಪಠ್ಯ ಅಂತ ಪೇಸ್ಟ್ ಮಾಡಬೇಡಿ, ಕನ್ನಡ ಹೋಗಿಬಿಡುತ್ತೆ. ಫಾಂಟ್ ಸಮೇತ ಪೇಸ್ಟ್ ಮಾಡಿ.’ ಕರ್ನಾಟಕದ ಡಿಟಿಪಿ ಅಂಗಡಿಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ, ನಾನಿರುವ ಟೆಕ್ಸಸ್‌ನ ಫ್ಲೂಗರ್‌ವಿಲ್‌ನ ಕನ್ನಡ ಮನೆಗಳಲ್ಲಿ ಈ ಮಾತು ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ ಕೇಳಿಸುತ್ತದೆ. ಆಫೀಸ್ ತಂತ್ರಾಂಶ ಮಾಡುವ ಕಂಪನಿಗಳು ಬೇರೆ ದಾರಿ ಹಿಡಿದು ಇದೇ ತೀರ್ಮಾನಕ್ಕೆ ಬಂದಿವೆ. ಒಂದು ಕಡೆಯಿಂದ ಕಾಪಿ ಮಾಡಿದವರಿಗೆ ಅಲ್ಲಿ ಕಂಡ ಅಂದಚೆಂದವೆಲ್ಲ ಬೇಕಾಗಿರುತ್ತದೆ ಎಂಬುದು ಅವರ ಎಣಿಕೆ. ವರ್ಡ್ ಬಹುಕಾಲ ‘ಮೂಲದ ರೂಪ ಉಳಿಸು’ ಎಂಬುದನ್ನೇ ಡೀಫಾಲ್ಟ್ ಮಾಡಿಕೊಂಡಿತ್ತು.

ಎರಡೂ ತಪ್ಪು. ಪೇಸ್ಟ್ ಒತ್ತಿದಾಗ ಬರಬೇಕಾದದ್ದು ಮಾತು ಮಾತ್ರ. ಅಕ್ಷರದ ಗಾತ್ರ, ಬಣ್ಣ, ಹಿನ್ನೆಲೆ, ಫಾಂಟ್ ಬೇಕೆನ್ನುವವರು ಕೇಳಿ ಪಡೆಯಲಿ. ಜಗತ್ತಿನ ಯಾವ ಭಾಷೆಯವರಿಗೂ ಇದು ಒಳ್ಳೆಯದು. ಕನ್ನಡಿಗರಿಗಂತೂ ಇದು ಅನುಕೂಲ, ಅನನುಕೂಲದ ಮಾತಲ್ಲ. ನಮ್ಮ ಬರಹ ಮುಂದೆ ಯಾರ ಕೈಗಾದರೂ ಸಿಗುತ್ತದೆಯೇ ಎಂಬ ಪ್ರಶ್ನೆ.

ಮೊದಲು ಕಾಪಿ ಮಾಡಿದಾಗ ಆಗುವುದೇನು ಎಂದು ನೋಡೋಣ. ನಾವು ಒಂದು ಸಾಲನ್ನು ಆರಿಸಿ ಕಾಪಿ ಒತ್ತಿದರೆ, ಆ ಸಾಲು ಕ್ಲಿಪ್‌ಬೋರ್ಡಿಗೆ ಒಂದೇ ರೂಪದಲ್ಲಿ ಹೋಗುವುದಿಲ್ಲ. ಬರೀ ಪಠ್ಯವಾಗಿ ಒಂದು ಪ್ರತಿ, ಎಚ್‌ಟಿಎಂಎಲ್ ಆಗಿ ಒಂದು ಪ್ರತಿ, ಆರ್‌ಟಿಎಫ್ ಆಗಿ ಇನ್ನೊಂದು ಪ್ರತಿ, ಹೀಗೆ ಹಲವು ಪ್ರತಿಗಳು ಒಟ್ಟಿಗೆ ಕೂರುತ್ತವೆ. ಪೇಸ್ಟ್ ಒತ್ತಿದಾಗ ಪಡೆಯುವ ತಂತ್ರಾಂಶ ಅವುಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಎತ್ತಿಕೊಳ್ಳುವುದು ಅತಿ ಹೆಚ್ಚು ಅಲಂಕಾರವಿರುವ ಪ್ರತಿಯನ್ನು. ಅಂದರೆ ಬರೀ ಪಠ್ಯ ಎಲ್ಲಿಂದಲೋ ಹೊಸದಾಗಿ ತರಬೇಕಾದ ವಸ್ತುವಲ್ಲ, ಆಗಲೇ ಅಲ್ಲಿದೆ. ಅದನ್ನು ಹಿಂದೆ ತಳ್ಳಿ ಇನ್ನೊಂದನ್ನು ಮುಂದೆ ಮಾಡಿದ್ದು ತಂತ್ರಾಂಶ ಬರೆದವರ ಆಯ್ಕೆ.

ಈ ಆಯ್ಕೆಯ ಬೇರು ಕಾಗದದಲ್ಲಿದೆ. ಕಟ್ ಮತ್ತು ಪೇಸ್ಟ್ ಎಂಬ ಹೆಸರು ಸಂಪಾದಕರ ಕತ್ತರಿ ಮತ್ತು ಅಂಟಿನಿಂದ ಬಂದದ್ದು. 1970ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ‘ಜಿಪ್ಸಿ’ ಎಂಬ ತಂತ್ರಾಂಶದಲ್ಲಿ ಈ ಕೆಲಸವನ್ನು ತೆರೆಯ ಮೇಲೆ ತಂದರು. ಕಾಗದದ ಚೂರು ಕತ್ತರಿಸಿ ಅಂಟಿಸಿದರೆ ಶಾಯಿ, ಅಕ್ಷರದ ಆಕಾರ, ಕಾಗದದ ಬಣ್ಣ ಎಲ್ಲ ಜೊತೆಯಲ್ಲೇ ಬರುತ್ತವೆ, ಬೇರ್ಪಡಿಸಲು ದಾರಿಯಿಲ್ಲ. ಕಂಪ್ಯೂಟರಿಗೆ ಆ ಕಟ್ಟುಪಾಡಿಲ್ಲ. ಇಲ್ಲದ ಕಟ್ಟುಪಾಡನ್ನು ನಾವೇ ಹೊತ್ತುಕೊಂಡಿದ್ದೇವೆ.

ನಮ್ಮ ಮುದ್ರಣದ ಪರಂಪರೆಯೂ ಇದಕ್ಕೆ ವಿರುದ್ಧವಾದದ್ದು. 1894ರಲ್ಲಿ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಾಗ ಪುಟದ ಮೇಲೆ ಬಂದದ್ದು ಬರೆದವರ ಪದಗಳು, ಅವರ ಕೈಬರಹವಲ್ಲ. ಮೊಳೆ ಜೋಡಿಸುವವನು ಹಸ್ತಪ್ರತಿಯನ್ನು ಓದಿ, ಮಾತನ್ನು ಎತ್ತಿಕೊಂಡು, ತನ್ನ ಅಚ್ಚುಕೂಟದ ಮೊಳೆಯಲ್ಲಿ ಕೂರಿಸುತ್ತಿದ್ದ. ಶೀರ್ಷಿಕೆ ಎಷ್ಟು ದಪ್ಪ, ಅಂಚು ಎಷ್ಟು ಅಗಲ ಎಂಬುದು ಪುಸ್ತಕ ಮಾಡುವವರ ತೀರ್ಮಾನ. ಕನ್ನಡದ ಪುಸ್ತಕಗಳಿಗೆ ಇರುವ ಹದ ಬಂದದ್ದೇ ಬರೆಯುವವರ ಕೆಲಸವನ್ನೂ ಪುಟ ಕಟ್ಟುವವರ ಕೆಲಸವನ್ನೂ ಬೇರೆ ಬೇರೆ ಇಟ್ಟದ್ದರಿಂದ.

ಈಗ ನಮ್ಮ ಕಡೆ ಒಂದು ಸ್ಮರಣ ಸಂಚಿಕೆ ತಯಾರಾಗುವ ಬಗೆ ನೋಡಿ. ಟೆಕ್ಸಸ್‌ನಲ್ಲಿ ಕನ್ನಡದ ಕೆಲಸ ಇಂದು ನಿನ್ನೆಯದಲ್ಲ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ 2000ದಲ್ಲಿ ಹ್ಯೂಸ್ಟನ್‌ನಲ್ಲೂ 2018ರಲ್ಲಿ ಡಲ್ಲಾಸ್‌ನಲ್ಲೂ ನಡೆದಿದೆ. ಆಸ್ಟಿನ್, ಹ್ಯೂಸ್ಟನ್, ಡಲ್ಲಾಸ್ ಮೂರೂ ಕಡೆ ಸಂಘಗಳಿವೆ. ಯುಗಾದಿಗೆ, ರಾಜ್ಯೋತ್ಸವಕ್ಕೆ, ವಾರ್ಷಿಕೋತ್ಸವಕ್ಕೆ ಸಂಚಿಕೆಗಳು ಬರುತ್ತವೆ. ನಾನು ಕೈಜೋಡಿಸಿದ ಇಂಥದೊಂದು ಸಂಚಿಕೆಗೆ ಲೇಖನಗಳು ಬಂದ ರೀತಿಯೇ ಈ ಬರಹಕ್ಕೆ ಕಾರಣ. ಹ್ಯೂಸ್ಟನ್‌ನ ಹಿರಿಯರೊಬ್ಬರ ಲೇಖನ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಡಲ್ಲಾಸ್‌ನಿಂದ ಬಂದ ಕವಿತೆ ವೆಬ್ ಪುಟದಿಂದ ಎತ್ತಿದ್ದು. ಸಾಲುಗಳ ಹಿಂದೆ ಬೂದು ಬಣ್ಣದ ಪಟ್ಟಿ, ನಡುವೆ ಯಾರೂ ಕೇಳದ ಲಿಂಕು. ರೌಂಡ್ ರಾಕ್‌ನ ಗೆಳತಿಯ ಅಡುಗೆ ಬರಹದಲ್ಲಿ ಒಂದು ಪ್ಯಾರಾ ತುಂಗಾ ಫಾಂಟಿನಲ್ಲಿ, ಮುಂದಿನದು ನಿರ್ಮಲಾದಲ್ಲಿ, ಸಾಲುಗಳ ನಡುವಿನ ಅಂತರ ಒಂದೊಂದು ಕಡೆ ಒಂದೊಂದು ಥರ. ಎಲ್ಲವನ್ನೂ ಒಂದೇ ಕಡತಕ್ಕೆ ಪೇಸ್ಟ್ ಮಾಡಿದಾಗ ಎಲ್ಲರ ಅಲಂಕಾರವೂ ಒಳಗೆ ಬಂತು. ಸಂಪಾದಕರ ಸಂಜೆಗಳು ಬರಹ ತಿದ್ದುವುದಕ್ಕೆ ಸಲ್ಲಲಿಲ್ಲ. ಯಾರದೋ ಕಂಪ್ಯೂಟರಿನ ಬಣ್ಣ ಅಳಿಸುವುದಕ್ಕೆ, ಗಾತ್ರ ಸರಿಮಾಡುವುದಕ್ಕೆ ಹೋದವು. ಕವಿತೆಯಲ್ಲಿ ಒಂದು ಪದ ತಪ್ಪಿದ್ದದ್ದು ಅಚ್ಚಾದ ಮೇಲೆ ಕಣ್ಣಿಗೆ ಬಿತ್ತು. ಇಂಥ ಕೆಲಸ ಮಾಡುವವರು ಸಂಬಳದವರಲ್ಲ; ದುಡಿದು ಬಂದು, ಮಕ್ಕಳನ್ನು ಮಲಗಿಸಿ, ಭಾಷೆಯ ಮೇಲಿನ ಪ್ರೀತಿಯಿಂದ ಕೂರುವವರು. ಅವರ ಹೊತ್ತನ್ನು ಹೀಗೆ ಪೋಲು ಮಾಡುವ ಡೀಫಾಲ್ಟ್ ಯಾರ ಅನುಕೂಲಕ್ಕೆ?

‘ಆದರೆ ಬರೀ ಪಠ್ಯ ಮಾಡಿದರೆ ನುಡಿಯ ಲೇಖನ ಹಾಳಾಗುತ್ತದಲ್ಲ?’ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ಪೂರ್ತಿಯಾಗಿ ಉತ್ತರ ಕೊಡಬೇಕು, ಏಕೆಂದರೆ ಕನ್ನಡದಲ್ಲಿ ಎಲ್ಲ ಗೊಂದಲವೂ ಇಲ್ಲೇ ಗಂಟುಬಿದ್ದಿದೆ.

ಹಳೆಯ ‘ನುಡಿ’ ಅಥವಾ ‘ಬರಹ’ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದು ಉಳಿಸಿದರೆ ಕಡತದಲ್ಲಿ ಕೂರುವುದು ಕ, ನ, ಡ ಅಲ್ಲ. ಅಲ್ಲಿ ಕೂರುವುದು ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆ ಗೆರೆಯಿರುವ ದೊಡ್ಡ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಎಸ್‌ತ್ಸೆಟ್ ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಇನ್ನೊಮ್ಮೆ ಆ ಎ. ನಕಾರದ ಒತ್ತು ಎಂದು ನಮಗೆ ಕಾಣುತ್ತಿರುವುದು ಕಂಪ್ಯೂಟರಿನ ಲೆಕ್ಕದಲ್ಲಿ ಜರ್ಮನ್ ಅಕ್ಷರ. ಫಾಂಟ್ ಆ ಗುರುತುಗಳ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರ ಬಿಡಿಸುತ್ತದೆ, ನಮ್ಮ ಕಣ್ಣು ಅದನ್ನು ಕನ್ನಡವೆಂದು ಓದುತ್ತದೆ. ಬರೀ ಪಠ್ಯವಾಗಿ ಪೇಸ್ಟ್ ಮಾಡಿದಾಗ ಫಾಂಟ್ ಕಳಚುತ್ತದೆ, ಕಡತದಲ್ಲಿ ನಿಜಕ್ಕೂ ಇದ್ದದ್ದು ಬಯಲಿಗೆ ಬರುತ್ತದೆ. ಆಗ ಏನೂ ಹಾಳಾಗಿಲ್ಲ. ಕನ್ನಡ ಅಲ್ಲಿ ಮೊದಲಿನಿಂದಲೂ ಇರಲಿಲ್ಲ.

ಆ ಫಾಂಟುಗಳನ್ನು ಮಾಡಿದವರನ್ನು ನಾನು ದೂರುತ್ತಿಲ್ಲ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಾಗ ಸಾಮಾನ್ಯ ಕಂಪ್ಯೂಟರುಗಳಿಗೆ ಕನ್ನಡದ ಒತ್ತು, ಕಾಗುಣಿತ ಕೂಡಿಸುವುದೇ ಗೊತ್ತಿರಲಿಲ್ಲ. ಹೊರನಾಡಿನ ಎಷ್ಟೋ ಜನ ಮೊದಲ ಬಾರಿಗೆ ತೆರೆಯ ಮೇಲೆ ತಾಯ್ನುಡಿಯಲ್ಲಿ ಬರೆದದ್ದು ಅದರಲ್ಲೇ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರದ ಬೆಂಬಲದೊಂದಿಗೆ ಕಚೇರಿಗಳಿಗೆ ಕನ್ನಡವನ್ನು ಕೊಂಡೊಯ್ದಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಂದಿಗೂ ನಮ್ಮ ಬೆರಳ ತುದಿಯಲ್ಲಿದೆ. ಇವರೆಲ್ಲರಿಗೂ ಕನ್ನಡ ಋಣಿ. ಅಂದಿನ ಕಷ್ಟಕ್ಕೆ ಅಂದು ಕಂಡ ಪರಿಹಾರ ಅದು.

ಆ ಕಷ್ಟ ತೀರಿ ಬಹಳ ವರ್ಷಗಳಾದವು. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಪ್ರತ್ಯೇಕ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಅದನ್ನು ತೆರೆಗೆ ತಂದಿತು. ಕನ್ನಡ ವಿಕಿಪೀಡಿಯ 2003ರಿಂದ ಯೂನಿಕೋಡ್‌ನಲ್ಲೇ ಬೆಳೆದಿದೆ. ಇಂದಿನ ಫೋನುಗಳೆಲ್ಲ ಕನ್ನಡ ತೋರಿಸುತ್ತವೆ. ನುಡಿಯ, ಬರಹದ ಈಚಿನ ಆವೃತ್ತಿಗಳೂ ಯೂನಿಕೋಡ್‌ನಲ್ಲಿ ಬರೆಯಬಲ್ಲವು. ಯೂನಿಕೋಡ್‌ನಲ್ಲಿ ‘ಕನ್ನಡ’ ಎಂದರೆ ಕ, ನ, ಒತ್ತು ಕೂಡಿಸುವ ವಿರಾಮ, ನ, ಡ ಎಂಬ ಐದು ಸಂಕೇತಗಳು. ಯಾವ ಫಾಂಟ್ ಕಳಚಿದರೂ ಅವು ಅಲ್ಲೇ ಇರುತ್ತವೆ. ಅದೇ ಬೆರಳು, ಅದೇ ಕೀಲಿಮಣೆ, ಬದಲಾಗುವುದು ಒಂದು ಆಯ್ಕೆ. ಅಷ್ಟನ್ನೂ ಮಾಡದೆ ‘ಫಾಂಟ್ ಸಮೇತ ಪೇಸ್ಟ್ ಮಾಡಿ’ ಎಂದು ಕಲಿಸುವುದು ರೋಗವನ್ನು ಮುಚ್ಚಿಟ್ಟು ಸಾಕುವ ಬಗೆ.

ಮುಚ್ಚಿಟ್ಟದ್ದರ ಬೆಲೆ ಕಡಿಮೆಯಲ್ಲ. ಶಿವಮೊಗ್ಗದ ಅಜ್ಜ ತನ್ನ ಬಾಲ್ಯದ ನೆನಪುಗಳನ್ನು ನುಡಿಯಲ್ಲಿ ಟೈಪ್ ಮಾಡಿಸಿ ಆಸ್ಟಿನ್‌ನ ಮೊಮ್ಮಗಳಿಗೆ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಅವಳ ಫೋನಿನಲ್ಲಿ ಆ ಫಾಂಟ್ ಇಲ್ಲ, ಕಾಣುವುದು ಪೌಂಡ್ ಚಿಹ್ನೆಗಳ ಸಂತೆ. ಕನ್ನಡ ಓದಲು ಕಷ್ಟಪಡುವ ಆ ಹುಡುಗಿ ಒಂದು ಸಾಲನ್ನಾದರೂ ಅನುವಾದಕ್ಕೆ ಹಾಕಿ ಅರ್ಥ ಮಾಡಿಕೊಳ್ಳಬಹುದಿತ್ತು. ಅದೂ ಆಗುವುದಿಲ್ಲ, ಏಕೆಂದರೆ ಅನುವಾದದ ಪೆಟ್ಟಿಗೆಗೆ ಹೋಗುವುದು ಬರೀ ಪಠ್ಯ. ವಾಟ್ಸಾಪಿಗೆ ಹಾಕಿದರೂ ಅಷ್ಟೇ, ಹುಡುಕುವ ಪೆಟ್ಟಿಗೆಗೆ ಹಾಕಿದರೂ ಅಷ್ಟೇ. ಕಣ್ಣು ಕಾಣದವರು ಬಳಸುವ ಎನ್‌ವಿಡಿಎಯಂಥ ತೆರೆ-ಓದುಗ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಓದಿ ಹೇಳಬಲ್ಲದು. ನುಡಿಯ ಕಡತವನ್ನು ಕೊಟ್ಟರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಕಚೇರಿಗಳ ಆದೇಶಗಳು, ವಿದ್ಯಾರ್ಥಿಗಳ ಪ್ರಬಂಧಗಳು, ಸಂಘಗಳ ಹಳೆಯ ಸಂಚಿಕೆಗಳು ಎಷ್ಟು ಹೀಗೆ ಕೂತಿವೆಯೋ, ಅಷ್ಟು ಕನ್ನಡ ಹುಡುಕಿದವರಿಗೆ ಸಿಗುವುದಿಲ್ಲ. ಅಂತರ್ಜಾಲದಲ್ಲಿ ಕನ್ನಡ ಕಡಿಮೆ ಎಂದು ಸಭೆಗಳಲ್ಲಿ ಮರುಗುತ್ತೇವೆ. ಬರೆದಿಟ್ಟ ಕನ್ನಡವನ್ನೇ ಕನ್ನಡವಲ್ಲದಂತೆ ಕಟ್ಟಿಟ್ಟವರೂ ನಾವೇ.

ಆದ್ದರಿಂದ ಬರೀ ಪಠ್ಯವಾಗಿ ಪೇಸ್ಟ್ ಮಾಡುವುದು ಕನ್ನಡಕ್ಕೆ ಅಪಾಯವಲ್ಲ, ಒರೆಗಲ್ಲು. ಅದನ್ನು ದಾಟಿ ಉಳಿದ ಬರಹ ಮಾತ್ರ ನಮ್ಮದೆಂದು ಹೇಳಿಕೊಳ್ಳಲು ಯೋಗ್ಯ. ಅದೇ ಡೀಫಾಲ್ಟ್ ಆಗಿದ್ದಿದ್ದರೆ ಎರಡು ದಶಕಗಳ ಹಿಂದೆಯೇ ಎಲ್ಲರ ಕಣ್ಣಿಗೂ ಈ ಬಿರುಕು ಬೀಳುತ್ತಿತ್ತು, ಎಲ್ಲರೂ ಯೂನಿಕೋಡಿಗೆ ಬರುತ್ತಿದ್ದರು. ಫಾಂಟನ್ನೂ ಹೊತ್ತು ತರುವ ಪೇಸ್ಟ್ ಈ ಬಿರುಕನ್ನು ಇಷ್ಟು ದಿನ ಕಾಪಾಡಿಕೊಂಡು ಬಂದಿದೆ.

‘ಪ್ರೆಸ್ಸಿನವರು ನುಡಿಯಲ್ಲೇ ಕೇಳುತ್ತಾರೆ’ ಎಂಬುದು ಮುಂದಿನ ಆಕ್ಷೇಪ. ಕೇಳುತ್ತಿದ್ದುದು ನಿಜ, ಕಾರಣವೂ ಇತ್ತು. ನಮ್ಮ ಡಿಟಿಪಿ ಲೋಕ ಪೇಜ್‌ಮೇಕರ್ ಮೇಲೆ ನಿಂತಿತ್ತು, 2001ರಲ್ಲಿ ಬಂದ ಅದರ ಏಳನೆಯ ಆವೃತ್ತಿಗೂ ಯೂನಿಕೋಡ್ ಕನ್ನಡ ಒಗ್ಗಲಿಲ್ಲ. ಆದರೆ 2012ರ ಇನ್‌ಡಿಸೈನ್ ಸಿಎಸ್6 ಹೊತ್ತಿಗೆ ಭಾರತೀಯ ಲಿಪಿಗಳನ್ನು ಸರಿಯಾಗಿ ಕೂಡಿಸುವ ಏರ್ಪಾಡು ಬಂದಿತು. ಅಲ್ಲಿಂದೀಚೆಗೆ ಇದು ತಂತ್ರದ ತೊಡಕಲ್ಲ, ರೂಢಿಯ ಜಡತೆ. ಪ್ರೆಸ್ಸು ಕೇಳಿದ್ದನ್ನು ಬರಹಗಾರ ಕೊಡುತ್ತಾನೆ, ಬರಹಗಾರ ಕೊಟ್ಟದ್ದಕ್ಕೆ ಪ್ರೆಸ್ಸು ಹೊಂದಿಕೊಳ್ಳುತ್ತದೆ. ಇಬ್ಬರಲ್ಲಿ ಒಬ್ಬರು ಮೊದಲು ನಿಲ್ಲಿಸಬೇಕು. ಹಣ ಕೊಟ್ಟು ಅಚ್ಚು ಹಾಕಿಸುವ ನಾವು ನಿಲ್ಲಿಸುವುದೇ ನ್ಯಾಯ.

ಮೂರನೆಯ ಆಕ್ಷೇಪ ನಿಜವಾದ ತೂಕವುಳ್ಳದ್ದು. ಬರೀ ಪಠ್ಯದಲ್ಲಿ ಕಳೆದುಹೋಗುವುದೆಲ್ಲ ಅಲಂಕಾರವಲ್ಲ. ಒತ್ತಿ ಹೇಳಲು ದಪ್ಪಗೆ ಮಾಡಿದ ಪದ, ಓರೆಯಾಗಿ ಕೂರಿಸಿದ ಪುಸ್ತಕದ ಹೆಸರು, ಗಣಿತದ ಮೇಲಂಕಿ, ಅಡಿಟಿಪ್ಪಣಿ, ಕೋಷ್ಟಕ, ಇವು ಅರ್ಥದ ಭಾಗ. ಲೆಕ್ಕಪತ್ರದ ಕೋಷ್ಟಕ ಕಾಪಿ ಮಾಡುವ ಗುಮಾಸ್ತೆಗೆ, ಪ್ರಬಂಧದ ಟಿಪ್ಪಣಿ ಸಾಗಿಸುವ ವಿದ್ಯಾರ್ಥಿನಿಗೆ ಬರೀ ಪಠ್ಯ ಸಾಲದು. ಇದನ್ನು ಒಪ್ಪುತ್ತೇನೆ. ಅವರಿಗೆ ‘ರೂಪ ಸಮೇತ’ ಎಂಬ ದಾರಿ ತೆರೆದೇ ಇರಬೇಕು.

ಆದರೆ ಡೀಫಾಲ್ಟ್ ಯಾವುದಿರಬೇಕು ಎಂದು ತೀರ್ಮಾನಿಸುವಾಗ ಎರಡು ಬಗೆಯ ತಪ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಬೇಕಾದ ದಪ್ಪಕ್ಷರ ಬರದಿದ್ದರೆ ಆ ಕ್ಷಣವೇ ಕಾಣುತ್ತದೆ. ಹಿಂದಕ್ಕೆ ಹೋಗಿ ಇನ್ನೊಂದು ಬಗೆಯಲ್ಲಿ ಪೇಸ್ಟ್ ಮಾಡಿದರೆ ಮುಗಿಯಿತು. ಬೇಡದ ರೂಪ ಒಳಗೆ ಬಂದರೆ ಹಾಗಲ್ಲ. ಅದು ಪ್ಯಾರಾದ ಗುರುತಿನಲ್ಲಿ, ಸ್ಟೈಲುಗಳ ಪಟ್ಟಿಯಲ್ಲಿ, ಖಾಲಿ ಸಾಲಿನ ಗಾತ್ರದಲ್ಲಿ ಅಡಗಿ ಕೂತು ಪುಟ ಸಂಖ್ಯೆ ಕೊಡುವಾಗ, ಪಿಡಿಎಫ್ ಮಾಡುವಾಗ, ಇನ್ನೊಬ್ಬರ ಯಂತ್ರದಲ್ಲಿ ತೆರೆದಾಗ ಹೊರಬರುತ್ತದೆ. ಕಾಣುವ ತಪ್ಪನ್ನು ಮಾಡಿದವನೇ ತಿದ್ದುತ್ತಾನೆ. ಅಡಗಿದ ತಪ್ಪನ್ನು ತಿದ್ದುವ ಪಾಡು ಬೇರೆಯವರದ್ದು. ಒಳ್ಳೆಯ ಡೀಫಾಲ್ಟ್ ಮೊದಲನೆಯ ಅಪಾಯವನ್ನು ಆರಿಸಿಕೊಳ್ಳಬೇಕು.

ಕವಿತೆಯ ಸಾಲುಗಳು ಮುರಿಯುತ್ತವೆ ಎಂಬ ಭಯಕ್ಕೂ ಹೆಚ್ಚಿನ ಆಧಾರವಿಲ್ಲ. ಸಾಲು ಮುಗಿಯುವ ಗುರುತು, ವಿರಾಮ ಚಿಹ್ನೆ ಎರಡೂ ಪಠ್ಯದ ಭಾಗವೇ, ಅವು ಬರೀ ಪಠ್ಯದಲ್ಲೂ ಬರುತ್ತವೆ. ವಚನವೊಂದನ್ನು ಕಾಪಿ ಮಾಡಿದರೆ ಸಾಲುಗಳು ಉಳಿಯುತ್ತವೆ, ಹೋಗುವುದು ಯಾರೋ ಹಾಕಿದ್ದ ನೀಲಿ ಬಣ್ಣ.

‘ಬರೀ ಪಠ್ಯ ಬೇಕಾದವರು ಕಂಟ್ರೋಲ್-ಶಿಫ್ಟ್-ವಿ ಒತ್ತಲಿ, ಡೀಫಾಲ್ಟ್ ಏಕೆ ಬದಲಿಸಬೇಕು?’ ಎಂಬ ಮಾತು ಆಸ್ಟಿನ್ ಸುತ್ತಿನ ತಂತ್ರಜ್ಞ ಗೆಳೆಯರಿಂದ ಹೆಚ್ಚು ಬರುತ್ತದೆ. ಅವರಿಗೆ ಆ ಕೀಲಿಗಳು ಗೊತ್ತು. ಆದರೆ ಗೂಗಲ್ ಡಾಕ್ಸ್‌ನಲ್ಲಿ ಕೆಲಸ ಮಾಡುವ ಆ ಮೂರು ಕೀಲಿ ಲಿಬ್ರೆಆಫೀಸ್‌ನಲ್ಲಿ ಆಲ್ಟ್ ಸೇರಿ ನಾಲ್ಕಾಗುತ್ತದೆ. ಮ್ಯಾಕ್‌ನಲ್ಲಿ ಆಪ್ಷನ್, ಶಿಫ್ಟ್, ಕಮಾಂಡ್ ಮೂರನ್ನೂ ಹಿಡಿದು ವಿ ಒತ್ತಬೇಕು. ವರ್ಡ್‌ನ ಹಳೆಯ ಆವೃತ್ತಿಗಳಲ್ಲಿ ಕಂಟ್ರೋಲ್-ಶಿಫ್ಟ್-ವಿ ಒತ್ತಿದರೆ ಇದಕ್ಕೆ ತೀರ ವಿರುದ್ಧವಾದದ್ದು ಆಗುತ್ತಿತ್ತು: ಪಠ್ಯವನ್ನು ಬಿಟ್ಟು ಬರೀ ಅಲಂಕಾರ ಅಂಟುತ್ತಿತ್ತು. ಅರವತ್ತು ದಾಟಿದ ಮೇಲೆ ಮಗನ ಮನೆಗೆ ಬಂದು, ಅವನ ಲ್ಯಾಪ್‌ಟಾಪಿನಲ್ಲಿ ಕತೆ ಬರೆಯಲು ಕೂತ ತಾಯಿಗೆ ಇದನ್ನೆಲ್ಲ ನೆನಪಿಡಿ ಎನ್ನುವುದು ಯಾವ ನ್ಯಾಯ? ಹೆಚ್ಚಿನವರು ಸೆಟ್ಟಿಂಗುಗಳ ಒಳಗೆ ಕಾಲಿಡುವುದೇ ಇಲ್ಲ. ತಿಳಿದವರು ಬಿಟ್ಟುಕೊಟ್ಟದ್ದು ತಿಳಿಯದವರ ಪಾಲಿಗೆ ಕಾನೂನಾಗುತ್ತದೆ.

ವರ್ಡ್ ಈಚೆಗೆ ಸ್ವಲ್ಪ ಬಾಗಿದೆ. ಬೇರೆ ತಂತ್ರಾಂಶದಿಂದ ತಂದ ಪಠ್ಯಕ್ಕೆ ಫಾಂಟನ್ನೂ ಬಣ್ಣವನ್ನೂ ಬಿಟ್ಟು, ದಪ್ಪ ಮತ್ತು ಓರೆಯಂಥ ಗುರುತುಗಳನ್ನಷ್ಟೇ ಉಳಿಸಿಕೊಳ್ಳುವ ‘ಬೆರೆಸುವ’ ದಾರಿಯನ್ನು ಡೀಫಾಲ್ಟ್ ಮಾಡಿಕೊಳ್ಳುತ್ತಿದೆ. ನಮ್ಮ ವಾದ ಸರಿ ಎಂಬುದಕ್ಕೆ ಇದೇ ಅರ್ಧ ಒಪ್ಪಿಗೆ. ಇನ್ನರ್ಧವೂ ಬರಲಿ. ಅಂದಹಾಗೆ, ಹೀಗೆ ಬೆರೆಸಿದರೂ ಫಾಂಟ್ ಬದಲಾಗುವುದರಿಂದ ನುಡಿಯ ಹಳೆಯ ಬರಹಕ್ಕೆ ರಕ್ಷಣೆಯಿಲ್ಲ. ಕಾಲ ಆ ಕಡೆಗೇ ಹರಿಯುತ್ತಿದೆ. ನಾವಾಗಿ ಸಿದ್ಧರಾಗುವುದು ಮೇಲು.

ಬರೀ ಪಠ್ಯ ಎಂದರೆ ಏನೆಂಬುದರಲ್ಲಿ ಮಾತ್ರ ನಾವು ಕಟ್ಟುನಿಟ್ಟಾಗಿರಬೇಕು. ನಾನಿರುವ ಊರು ಫ್ಲೂಗರ್‌ವಿಲ್‌ನ ಹೆಸರನ್ನು ಕನ್ನಡದಲ್ಲಿ ಬರೆಯುವಾಗ ‘ರ್’ ಮತ್ತು ‘ವಿ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ. ಎರಡು ಅಕ್ಷರಗಳು ಕೂಡಿಕೊಂಡು ಅರ್ಕಾವತ್ತಾಗದಂತೆ ಅದು ತಡೆಯುತ್ತದೆ. ‘ಆಸ್ಟಿನ್‌ನಲ್ಲಿ’ ಎಂಬಲ್ಲೂ ಅದೇ ಇದೆ. ಅದಿಲ್ಲದಿದ್ದರೆ ಎರಡನೆಯ ನಕಾರ ಒತ್ತಾಗಿ ಕೆಳಗಿಳಿಯುತ್ತದೆ. ಇದು ಅಲಂಕಾರವಲ್ಲ, ಅಕ್ಷರದಷ್ಟೇ ಪಠ್ಯ. ಯೂನಿಕೋಡ್‌ನಲ್ಲಿ ಅದಕ್ಕೆ ತನ್ನದೇ ಸಂಖ್ಯೆಯಿದೆ. ಪಠ್ಯವನ್ನು ‘ಶುಚಿ’ ಮಾಡುವ ಭರದಲ್ಲಿ ಕಾಣದ ಸಂಕೇತಗಳನ್ನೆಲ್ಲ ಗುಡಿಸಿಹಾಕುವ ತಂತ್ರಾಂಶ ಬರೀ ಪಠ್ಯ ಕೊಡುತ್ತಿಲ್ಲ, ಪಠ್ಯವನ್ನೇ ಕೆಡಿಸುತ್ತಿದೆ. ಇಂಗ್ಲಿಷೊಂದನ್ನೇ ಎದುರಿಗಿಟ್ಟುಕೊಂಡು ಬರೆದ ಉಪಕರಣಗಳಿಗೆ ಇದು ಹೊಳೆಯುವುದಿಲ್ಲ. ಹೇಳಬೇಕಾದವರು ನಾವು.

ಮಾಡಬೇಕಾದದ್ದು ಕಷ್ಟದ್ದಲ್ಲ. ಇಂದೇ ವರ್ಡ್‌ನ ಆಯ್ಕೆಗಳಲ್ಲಿ ‘ಅಡ್ವಾನ್ಸ್ಡ್’ ತೆರೆದು, ಕಟ್, ಕಾಪಿ, ಪೇಸ್ಟ್ ಎಂಬ ಭಾಗದ ಸಾಲುಗಳನ್ನು ‘ಪಠ್ಯ ಮಾತ್ರ’ ಎಂದು ಬದಲಿಸಿ. ಮನೆಯ ಹಿರಿಯರ ಕಂಪ್ಯೂಟರಿನಲ್ಲಿ ನೀವೇ ಕೂತು ಮಾಡಿಕೊಡಿ. ಸಂಘಗಳು ಮುಂದಿನ ಸಂಚಿಕೆಯ ಆಹ್ವಾನದಲ್ಲಿ ಒಂದು ನಿಯಮ ಬರೆಯಲಿ: ಲೇಖನ ಯೂನಿಕೋಡ್‌ನಲ್ಲಿರಬೇಕು, ಬರೀ ಪಠ್ಯವಾಗಿರಬೇಕು, ಒತ್ತು ಕೊಡಬೇಕಾದ ಪದಗಳನ್ನು ಲೇಖಕರು ಬೇರೆಯಾಗಿ ಸೂಚಿಸಬೇಕು. ಹಳೆಯ ನುಡಿಯ ಕಡತಗಳನ್ನು ಪರಿವರ್ತಕಗಳ ಮೂಲಕ ಯೂನಿಕೋಡಿಗೆ ತಂದು, ಕಣ್ಣಿನಿಂದ ಒಮ್ಮೆ ಓದಿ ತಿದ್ದಲಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರೇಫ ಮೊದಲು ಬರುತ್ತದೆ. ಪರಿವರ್ತನೆ ಎಡವುವುದು ಇಂಥ ಕಡೆಗಳಲ್ಲೇ, ಆದ್ದರಿಂದ ಯಂತ್ರವೊಂದನ್ನೇ ನಂಬಬಾರದು. ಬೆಂಗಳೂರಿನಲ್ಲಿ ಕನ್ನಡದ ಹೆಸರಿನಲ್ಲಿ ತಂತ್ರಾಂಶ ಕೊಳ್ಳುವ ಇಲಾಖೆಗಳು, ಬರೀ ಪಠ್ಯವಾಗಿ ಪೇಸ್ಟ್ ಮಾಡಿದಾಗ ಕನ್ನಡವಾಗಿಯೇ ಉಳಿಯದ ಯಾವ ಕಡತವನ್ನೂ ಸ್ವೀಕರಿಸುವುದಿಲ್ಲ ಎಂದು ಹೇಳಲಿ.

ತಂತ್ರಾಂಶ ಕಂಪನಿಗಳಿಗೆ ನಮ್ಮ ಬೇಡಿಕೆ ಇಷ್ಟೇ: ಪೇಸ್ಟ್ ಎಂದರೆ ಪಠ್ಯ, ರೂಪ ಬೇಕೆಂದವರಿಗೆ ಇನ್ನೊಂದು ಕೀಲಿ, ಎಲ್ಲ ತಂತ್ರಾಂಶಗಳಲ್ಲೂ ಒಂದೇ ಕೀಲಿ. ಅವರು ಬದಲಾಯಿಸುವವರೆಗೆ ನಮ್ಮ ನಮ್ಮ ಯಂತ್ರಗಳಲ್ಲಿ ನಾವೇ ಬದಲಾಯಿಸಿಕೊಳ್ಳೋಣ. ಹಾಗೆ ಮಾಡಿದ ಮೊದಲ ದಿನ ಕೆಲವು ಕಡತಗಳಲ್ಲಿ ಕನ್ನಡದ ಜಾಗದಲ್ಲಿ ಬೇರೇನೋ ಕಾಣಿಸುತ್ತದೆ. ಹೆದರಿ ಹಿಂದೆ ಸರಿಯಬೇಡಿ. ಯಾವ ಕಡತಗಳನ್ನು ಮೊದಲು ಉಳಿಸಿಕೊಳ್ಳಬೇಕು ಎಂಬ ಪಟ್ಟಿ ಅದು. ಅಂದೇ ಕೆಲಸ ಶುರುಮಾಡಿ.